ಬಸ್ಸಿನ ಮುಂದಿನ ಸೀಟು

ಲೆಹ್ತೊ, ಮಿಷಿಗನ್
ನವೆಂಬರ್ 12, 1961, ಭಾನುವಾರ ಮಧ್ಯಾಹ್ನ

ಪ್ರೀತಿಯ ಆರ್ವೊ,

ಹೇಗಿದ್ದೀಯ? ಬೆನ್ನು ನೋವು ಇಳಿಯಿತೆ? ಹಡಗಿನ ಎಂಜಿನ್ ಕೋಣೆಯ ಬಿಸಿಯಿಂದ ನೇರವಾಗಿ ಮೇಲೆ ಬಂದು ಗಾಳಿಗೆ ನಿಲ್ಲಬೇಡ ಅಂತ ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ, ಆದರೂ ಮತ್ತೆ ಹೇಳುತ್ತಿದ್ದೇನೆ. ಬೂದು ಉಣ್ಣೆಯ ಅಂಗಿ ಕೈಸೇರಿತೆ? ತೋಳು ಎರಡು ಬೆರಳು ಉದ್ದವಾಯಿತೇನೋ, ಒಗೆದರೆ ಸರಿಹೋಗುತ್ತದೆ. ಇಲ್ಲಿ ಸರೋವರದ ಮೇಲಿನ ಗಾಳಿ ಆಗಲೇ ನವೆಂಬರಿನ ದನಿ ತೆಗೆದಿದೆ. ರೇಡಿಯೋದಲ್ಲಿ ಅಲೆಗಳ ಎತ್ತರ ಹೇಳುವಾಗ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಕೇಳುತ್ತೇನೆ. ನಮ್ಮ ಆರೋಗ್ಯ ಚೆನ್ನಾಗಿದೆ. ಐಲಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ‘ಸ’ ಅನ್ನಲು ಹೋದರೆ ಗಾಳಿಯಷ್ಟೇ ಬರುತ್ತದೆ. ಆಲೂಗಡ್ಡೆ ನೆಲಮಾಳಿಗೆ ಸೇರಿದೆ. ಬುಧವಾರದಿಂದ ಜಿಂಕೆ ಬೇಟೆ ಶುರು, ಊರಿನ ಗಂಡಸರೆಲ್ಲ ಬಂದೂಕಿಗೆ ಎಣ್ಣೆ ಹಾಕುತ್ತ ಕೂತಿದ್ದಾರೆ.

ಹಿಂದಿನ ನಾಲ್ಕು ಪತ್ರಗಳಲ್ಲೂ ನಿನಗೆ ಇಂಥದ್ದನ್ನೇ ಬರೆದೆ. ಹಿಮ, ಸೌದೆ, ಆಲೂಗಡ್ಡೆ. ಬರೆಯಬೇಕಾದದ್ದನ್ನು ಬರೆಯಲಿಲ್ಲ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿನ್ನ ಅಪ್ಪ ಈಗ ಶಾಲೆಯ ಬಸ್ಸು ಓಡಿಸುತ್ತಿಲ್ಲ. ಅವರು ಓಡಿಸಬಾರದು ಅಂತ ಶಾಲಾ ಮಂಡಳಿಯ ಸಭೆಯಲ್ಲಿ ಊರವರೆಲ್ಲರ ಎದುರು ಎದ್ದು ನಿಂತು ಹೇಳಿದವಳು ನಾನು. ಈ ಸಾಲಿಗೇ ಪತ್ರ ಮಡಚಿಡಬೇಡ. ಪೂರ್ತಿ ಓದು, ಆಮೇಲೆ ಏನು ಬೇಕಾದರೂ ಅಂದುಕೋ.

ಇದೆಲ್ಲ ಶುರುವಾದದ್ದು ಸೆಪ್ಟೆಂಬರಿನ ಮೂರನೆಯ ವಾರದಲ್ಲಿ, ಐಲಿಗೆ ಜ್ವರ ಬಂದ ದಿನ. ಬೆಳಿಗ್ಗೆ ಮೈ ಮುಟ್ಟಿದರೆ ಕೆಂಡ. ಇವತ್ತು ಶಾಲೆ ಬೇಡ ಮಲಗು ಅಂದೆ. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದ ಹುಡುಗಿ, ಅವತ್ತು ಹಾಸಿಗೆಯಿಂದ ಇಳಿದು ತೂರಾಡುತ್ತ ಬೂಟು ಹುಡುಕತೊಡಗಿದಳು. ಗದರಿದೆ, ಅತ್ತಳು. “ನಾನು ಹೋಗ್ಲೇಬೇಕಮ್ಮ. ನಾನು ಹೋಗ್ದಿದ್ರೆ ಅಜ್ಜಂಗೆ ಯಾರು ಹೇಳ್ತಾರೆ?” ಏನು ಹೇಳುವುದು ಅಂತ ಕೇಳಿದೆ. “ರೈಲು ಬರ್ತಾ ಇದೆಯೋ ಇಲ್ವೋ ಅಂತ.” ನನಗೆ ಮೊದಲು ಅರ್ಥವಾಗಲಿಲ್ಲ. ಜ್ವರದ ಬಡಬಡಿಕೆ ಅಂದುಕೊಂಡೆ. ಕೂರಿಸಿಕೊಂಡು ತಲೆ ಸವರುತ್ತ ಕೇಳಿದ ಮೇಲೆ ಒಂದೊಂದಾಗಿ ಹೊರಬಿತ್ತು. ಮರದ ಮಿಲ್ಲಿನ ಆಚೆ ರೈಲು ಹಳಿ ದಾಟುವಲ್ಲಿ ಅಜ್ಜ ಬಸ್ಸು ನಿಲ್ಲಿಸುತ್ತಾರೆ, ಬಾಗಿಲು ತೆಗೆಯುತ್ತಾರೆ. ಎಲ್ಲ ಬಸ್ಸೂ ಹಾಗೆ ಮಾಡಲೇಬೇಕಲ್ಲ. ಆದರೆ ಆಮೇಲೆ ಅವರು ಮೆಲ್ಲಗೆ, ಬೇರೆ ಮಕ್ಕಳಿಗೆ ಕೇಳಿಸದಿರಲಿ ಅಂತ, ನಮ್ಮ ಮನೆಮಾತು ಫಿನ್ನಿಷ್‌ನಲ್ಲಿ, “ಏನಾದ್ರೂ ಇದೆಯಾ ಕಂದ?” ಅನ್ನುತ್ತಾರೆ. ಇವಳು ಮುಂದಿನ ಸೀಟಿನಿಂದ ಬಲಕ್ಕೆ ನೋಡಿ “ಇಲ್ಲ ಅಜ್ಜ” ಅಂದರೆ ಬಸ್ಸು ಮುಂದೆ ಹೋಗುತ್ತದೆ. ಹೋದ ವರ್ಷದ ಹಿಮಗಾಲದಿಂದ ಹೀಗೆ. “ಯಾರಿಗೂ ಹೇಳ್ಬಾರ್ದು ಅಂದಿದ್ರು. ನೀನು ಹೇಳ್ಬೇಡ ಅಮ್ಮ.” ಎಂಟು ವರ್ಷದ ಹುಡುಗಿ, ಆರ್ವೊ. ಮೂವತ್ತೊಂದು ಮಕ್ಕಳ ಪ್ರಾಣ ಕಾಯುತ್ತ ಕೂತಿದ್ದಳು, ಅದನ್ನು ಆಟ ಅಂತ ಅಂದುಕೊಂಡೂ ಇರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ನಾನು ರಸ್ತೆಗೆ ಓಡಿ ಐಲಿಗೆ ಜ್ವರ ಅಂದೆ. ಮಾವ “ಅಯ್ಯೋ, ಜೇನು ಹಾಕಿ ಬಿಸಿನೀರು ಕೊಡು” ಅಂದರು. ಹಿಂದೆ ತಿರುಗಿ ಯಾರೋ ಒಬ್ಬ ಹುಡುಗಿಯನ್ನು ಮುಂದಿನ ಸೀಟಿಗೆ ಕರೆದರು. ಮಂಜು ದಟ್ಟವಾಗಿತ್ತು. ಬಸ್ಸನ್ನು ತಡೆಯಬೇಕಾಗಿತ್ತು, ನಾನು ತಡೆಯಲಿಲ್ಲ. ಒಳಗೆ ಬಂದು ಅಡಿಗೆಮನೆಯ ಕಿಟಕಿ ತೆಗೆದು ನಿಂತೆ. ಮಿಲ್ಲಿನ ಕಡೆ ರೈಲು ಕೂಗಿತು. ಆಮೇಲೆ ಏನೂ ಕೇಳಿಸಲಿಲ್ಲ. ಏನೂ ಕೇಳಿಸದಿದ್ದದ್ದೇ ಒಳ್ಳೆಯದು ಅಂತ ತಿಳಿಯಲು ನನಗೆ ಎಷ್ಟೋ ಹೊತ್ತು ಬೇಕಾಯಿತು.

ಎರಡು ದಿನ ಬಿಟ್ಟು, ಐಲಿಯನ್ನು ಪಕ್ಕದ ಮನೆಯಲ್ಲಿ ಮಲಗಿಸಿ, ಟೀಚರ್ ಹತ್ತಿರ ಪಾಠ ಕೇಳಿಕೊಂಡು ಬರಬೇಕು ಅನ್ನುವ ನೆಪದಲ್ಲಿ ನಾನೇ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲೇ ಕೂತೆ. ಮಾವ ಎಂದಿನಂತೆ ಇದ್ದರು. ಯಾವ ಮನೆಯ ನಾಯಿಗೆ ಯಾವ ಹೆಸರು, ಯಾರ ಹುಟ್ಟುಹಬ್ಬ ಯಾವತ್ತು, ಎಲ್ಲ ಬಾಯಲ್ಲೇ. ರಸ್ತೆಯ ಒಂದೊಂದು ಗುಂಡಿಯೂ ಅವರ ಕೈಗೆ ಗೊತ್ತು. ನಾನು ಮಗುವಿನ ಮಾತು ನಂಬಿ ಮೂರ್ಖಳಾದೆನೇನೋ ಅಂತ ಸಮಾಧಾನವಾಗುತ್ತಿತ್ತು. ಹಳಿ ಬಂತು, ಬಸ್ಸು ನಿಂತಿತು, ಬಾಗಿಲು ತೆರೆಯಿತು. ಅವರು ಮುಖವನ್ನು ಸ್ವಲ್ಪ ವಾರೆ ಮಾಡಿ, ರೂಢಿಯಂತೆ, “ಏನಾದ್ರೂ ಇದೆಯಾ ಕಂದ?” ಅಂದರು. ಅಲ್ಲಿ ಕೂತಿರುವುದು ಐಲಿಯಲ್ಲ ಅನ್ನುವುದು ಮರೆತಿತ್ತು. ನಾನು ಬಲಕ್ಕೆ ನೋಡಿ “ಇಲ್ಲ ಮಾವ” ಅಂದೆ. ನನ್ನ ದನಿ ಕೇಳಿದ್ದೇ ಅವರ ಕತ್ತು ಗಟ್ಟಿಯಾಯಿತು. ಹಿಂದೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ಬಸ್ಸು ಹಳಿ ದಾಟಿತು.

ಅವತ್ತು ಸಂಜೆ ಏಲಕ್ಕಿ ಬ್ರೆಡ್ಡು ಬೇಯಿಸಿ ಕಾಫಿಗೆ ಕರೆದೆ. ನಾನು ಅವರನ್ನು ಮನೆಯೊಳಗೇ ಕೇಳಿದೆ ಅನ್ನುವುದನ್ನು ನೀನು ನೆನಪಿಟ್ಟುಕೊಳ್ಳಬೇಕು. ಕೈ ಮುಗಿಯುವುದೊಂದು ಬಾಕಿ. ಅವರು ಮೊದಲು ನಕ್ಕರು. “ಈ ದಾರೀಲಿ ಕಣ್ಣು ಮುಚ್ಕೊಂಡು ಓಡಿಸ್ತೀನಿ ಕಣೆ.” ಅದೇ ನನಗೆ ಭಯ ಅಂದೆ. ನಗು ನಿಂತಿತು. ಕಣ್ಣಿನ ಡಾಕ್ಟರಿಗೆ ತೋರಿಸಿಬನ್ನಿ, ಜೊತೆಗೆ ನಾನೂ ಬರುತ್ತೇನೆ ಅಂದೆ. “ಅವನು ಏನು ಹೇಳ್ತಾನೆ ಅಂತ ನಂಗೊತ್ತು. ಗೊತ್ತಿರೋದಕ್ಕೇ ಹೋಗ್ತಿಲ್ಲ.” ಆಮೇಲೆ ಬಟ್ಟಲಿನ ಕಿವಿ ಸವರುತ್ತ, “ಜೂನ್ ತಿಂಗಳವರೆಗೆ ಬಿಡು ಹೆಲ್ಮಿ. ಜೂನಿಗೆ ಇಪ್ಪತ್ತೈದು ವರ್ಷ ತುಂಬುತ್ತೆ. ನಾನಾಗೇ ಇಳೀತೀನಿ” ಅಂದರು. ನಿನ್ನ ಅಪ್ಪ ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ಅತ್ತೆ ಹೋದ ಮೇಲೆ ಆ ಬಸ್ಸು ಇಲ್ಲದಿದ್ದರೆ ಅವರು ಹಾಸಿಗೆಯಿಂದ ಏಳುತ್ತಲೂ ಇರಲಿಲ್ಲ ಅನ್ನುವುದು ನನಗೆ ಗೊತ್ತಿಲ್ಲವೆ? ಹೂಂ ಅಂದುಬಿಡೋಣ ಅಂತ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಜೂನಿಗೆ ಮೊದಲು ಒಂದು ಇಡೀ ಚಳಿಗಾಲವಿತ್ತು. ಆಗುವುದಿಲ್ಲ ಮಾವ ಅಂದೆ. ಅವರು ಎದ್ದು ಹೊರಟುಹೋದರು. ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿತು. ತಾಗಿದ್ದು ನಾನು ನೋಡಿದೆ ಅಂತ ಅವರಿಗೂ ತಿಳಿಯಿತು.

ಶಾಲೆಯ ಮುಖ್ಯಸ್ಥ ಪೆನ್‌ಹೇಲ್ ಹತ್ತಿರ ಹೋದೆ. ಆತ ಪೈಪು ಕೆಳಗಿಡದೆ, “ಆರೋಗ್ಯದ ಚೀಟಿ ವರ್ಷವರ್ಷ ಸರಿಯಾಗೇ ಬಂದಿದೆಯಲ್ಲಮ್ಮ” ಅಂದ. ಚೀಟಿಗೆ ಸಹಿ ಹಾಕುವುದು ನಮ್ಮೂರಿನ ಮುದಿ ಡಾಕ್ಟರು, ಮಾವನ ಜೊತೆ ಇಸ್ಪೀಟಾಡುವವರು, ಅದು ನಾಯಿಗೂ ಗೊತ್ತು. ಅದಕ್ಕೂ ಮಿಗಿಲಾಗಿ ಹೇಳುವುದಿದ್ದರೆ ಮಂಡಳಿಯ ಮುಂದೆ ಹೇಳು, ಮುಂದಿನ ತಿಂಗಳ ಎರಡನೆಯ ಸೋಮವಾರ ಸಭೆ ಅಂದ. ನಾನು ಹೇಳಲಾರೆ ಅನ್ನುವ ಧೈರ್ಯದಿಂದಲೇ ಹಾಗಂದ. ನನಗೂ ಹಾಗೇ ಅನ್ನಿಸಿತ್ತು. ನಿನ್ನನ್ನು ಕೇಳೋಣವೆಂದರೆ ಪತ್ರ ಹೋಗಿ ಉತ್ತರ ಬರಲು ಮೂರು ವಾರ. ಪ್ರತಿ ಬೆಳಿಗ್ಗೆ ಐಲಿಯನ್ನು ನಾನೇ ನಡೆಸಿಕೊಂಡು ಶಾಲೆಗೆ ಬಿಟ್ಟೆ. ಆ ಸೀಟಿನಲ್ಲಿ ಈಗ ಬೇರೆ ಯಾರದೋ ಮಗಳು ಕೂತಿರುತ್ತಾಳೆ ಅನ್ನುವುದು ತಲೆಯಿಂದ ಹೋಗಲಿಲ್ಲ. ನನ್ನ ಮಗುವನ್ನಷ್ಟೇ ಇಳಿಸಿಕೊಂಡು ಬಂದ ಹಾಗಾಯಿತು.

ಸಭೆ ನಡೆದದ್ದು ಮಕ್ಕಳು ಊಟ ಮಾಡುವ ಕೋಣೆಯಲ್ಲಿ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಊರಿನ ದೊಡ್ಡ ಮನುಷ್ಯರೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮಾವ ಹಿಂದಿನ ಸಾಲಿನಲ್ಲಿದ್ದರು, ಎಲ್ಲ ಸಭೆಗೂ ಬರುವವರು ತಾನೆ. ಬಿಸಿನೀರಿನ ಬಾಯ್ಲರು, ಛಾವಣಿಯ ಸೋರಿಕೆ, ಕ್ರಿಸ್ಮಸ್ಸಿಗೆ ಪಿಯಾನೋ ಶ್ರುತಿ ಮಾಡಿಸುವುದು, ಇಷ್ಟೆಲ್ಲ ಮುಗಿದ ಮೇಲೆ ಅಧ್ಯಕ್ಷ ಸಾಲ್ಮೆಲಾ “ಊರವರದ್ದೇನಾದ್ರೂ ಇದೆಯಾ?” ಅಂದರು. ನಾನು ಎದ್ದೆ. ಬರೆದುಕೊಂಡು ಹೋಗಿದ್ದ ಇಂಗ್ಲಿಷಿನ ಮೊದಲ ಸಾಲನ್ನೇ ಎರಡು ಸಲ ಓದಿದೆ. ವಿಲ್ಹೊ ರೌಟಿಯೊ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಬೇರೆ ಊರಿನ ಕಣ್ಣಿನ ಡಾಕ್ಟರು ನೋಡುವವರೆಗೆ ಬಸ್ಸು ಅವರ ಕೈಗೆ ಕೊಡಬೇಡಿ, ಇಷ್ಟೇ. ಮಗುವಿನ ಹೆಸರು ತರಬಾರದು ಅಂತ ಶಪಥ ಮಾಡಿಕೊಂಡಿದ್ದೆ.

ನಾನು ಮುಗಿಸಿದ್ದೇ ಹಿಂದಿನಿಂದ ಯಾರೋ, “ಮಗ ಹಡಗಲ್ಲಿ, ಸೊಸೆ ಸ್ಟೀರಿಂಗಲ್ಲಿ!” ಅಂದರು. ಎಲ್ಲರೂ ಗೊಳ್ಳೆಂದರು. ಸಾಲ್ಮೆಲಾ ನಗಲಿಲ್ಲ, ಆದರೆ ಫಿನ್ನಿಷ್‌ನಲ್ಲಿ, ಚಿಕ್ಕ ಹುಡುಗಿಗೆ ಹೇಳುವ ಹಾಗೆ, “ಹೆಲ್ಮಿ, ಇದು ಮನೇಲೇ ಮುಗಿಸ್ಕೊಳ್ಳೋ ಮಾತಲ್ವೇನಮ್ಮ? ಇಪ್ಪತ್ತನಾಲ್ಕು ವರ್ಷ ಒಂದು ಗೀರು ಬಿದ್ದಿಲ್ಲ ಬಸ್ಸಿಗೆ. ನಿನ್ ಹತ್ರ ಏನಿದೆ ಸಾಕ್ಷಿ?” ಅಂದರು. ನನ್ನ ಹತ್ತಿರ ಇದ್ದ ಸಾಕ್ಷಿ ಒಂದೇ. ಹೇಳಿದೆ. ಐಲಿಯ ಜ್ವರ, ಮುಂದಿನ ಸೀಟು, ಅವರು ಕೇಳುವ ಮಾತು, ನಾನೇ ಕೂತು ಕೇಳಿಸಿಕೊಂಡದ್ದು, ಎಲ್ಲ ಹೇಳಿದೆ. ಇಂಗ್ಲಿಷು ಯಾವಾಗ ಜಾರಿಹೋಯಿತೋ, ಕೊನೆಗೆ ಫಿನ್ನಿಷ್‌ನಲ್ಲೇ ಕೂಗುತ್ತಿದ್ದೆನಂತೆ. ನಗು ಪೂರ್ತಿ ನಿಂತಿತ್ತು. “ವಿಲ್ಹೊ, ಇದು ನಿಜವೇನಪ್ಪ?” ಅಂತ ಸಾಲ್ಮೆಲಾ ಕೇಳಿದರು. ಮಾವ ಎದ್ದರು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, “ಅದು ಮಗುವಿನ ಜೊತೆ ಆಡೋ ಆಟ. ಹುಡುಗಿ ಕತೆ ಕಟ್ತಾಳೆ” ಅಂದರು. ಹಾಗನ್ನುವಾಗ ನಾನು ನಿಂತಿದ್ದ ಕಡೆಗೆ ನೋಡಲಿಲ್ಲ, ನನ್ನ ಪಕ್ಕದ ಖಾಲಿ ಜಾಗಕ್ಕೆ ನೋಡಿದರು. ಹಾಗಿದ್ದರೆ ಮಾವ, ಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆ ಹೇಳಿ ಅಂತ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳದೆ ಕೂತುಬಿಟ್ಟೆ. ಅಷ್ಟು ಜನರ ಎದುರು ಅದನ್ನು ಮಾಡಲು ನನ್ನಿಂದಾಗಲಿಲ್ಲ.

ಮಂಡಳಿಯಲ್ಲಿ ಮೂರು ಕೈ ನನ್ನ ಮಾತಿನ ಕಡೆ, ಎರಡು ಕೈ ವಿರುದ್ಧ. ಕಣ್ಣು ತೋರಿಸಿಕೊಂಡು ಬರಲಿ ಅಂತ ತೀರ್ಮಾನವಾಯಿತು. ಮಾವನನ್ನು ಸಾಲ್ಮೆಲಾ ಅವರೇ ತಮ್ಮ ಕಾರಿನಲ್ಲಿ ದೊಡ್ಡ ಊರಿಗೆ ಕರೆದುಕೊಂಡು ಹೋದರು. ಬಲಗಣ್ಣು ಪೂರ್ತಿ ಹೋಗಿದೆಯಂತೆ. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟೇ, ಅದೂ ಮಸುಕಾಗಿ ಕಾಣುತ್ತದಂತೆ. ಕಣ್ಣೊಳಗಿನ ಒತ್ತಡದ ರೋಗ, ಎರಡು ವರ್ಷ ಮುಂಚೆ ಬಂದಿದ್ದರೆ ತಡೆಯಬಹುದಿತ್ತು ಅಂದರಂತೆ ಡಾಕ್ಟರು. ಈಗ ದಿನಕ್ಕೆ ನಾಲ್ಕು ಸಲ ಹನಿ ಬಿಡಬೇಕು, ಉಳಿದದ್ದಾದರೂ ಉಳಿಯಲಿ ಅಂತ. ಇದನ್ನೆಲ್ಲ ನನಗೆ ಹೇಳಿದ್ದು ಸಾಲ್ಮೆಲಾ, ರಸ್ತೆಯಲ್ಲಿ ಕಾರು ನಿಲ್ಲಿಸಿ, ಗಾಜು ಅರ್ಧ ಇಳಿಸಿ. “ನೀನು ಹೇಳಿದ್ದು ಸರಿ” ಅನ್ನಲಿಲ್ಲ. ಗಾಜು ಏರಿಸಿಕೊಂಡು ಹೋದರು.

ನಾನು ಸರಿ ಅಂತ ಗೊತ್ತಾದ ಮೇಲೆ ಜನ ಮೆತ್ತಗಾಗುತ್ತಾರೆ ಅಂದುಕೊಂಡಿದ್ದೆ. ಇನ್ನೂ ಬಿಗಿಯಾದರು. ಚರ್ಚಿನಲ್ಲಿ ಪ್ರಾರ್ಥನೆಯ ನಂತರ ಕಾಫಿಗೆ ಕೂತರೆ ನನ್ನ ಮೇಜಿನ ಸುತ್ತ ಕುರ್ಚಿ ಖಾಲಿ. ನಾನು ಒಯ್ದ ಬ್ರೆಡ್ಡು ಹಾಗೇ ವಾಪಸು ಬರುತ್ತದೆ, ಮೂರು ಭಾನುವಾರದಿಂದ ನಾವೇ ತಿನ್ನುತ್ತಿದ್ದೇವೆ. ಸಹಕಾರಿ ಅಂಗಡಿಯಲ್ಲಿ ಮಾತು ನಡೆಯುತ್ತಿರುತ್ತದೆ, ನಾನು ಒಳಗೆ ಹೋದರೆ ಎಲ್ಲರಿಗೂ ಹಿಟ್ಟಿನ ಚೀಲದ ಮೇಲಿನ ಅಕ್ಷರ ಓದುವ ಕೆಲಸ. ಮೊನ್ನೆ ಅಲ್ಲೇ ಎಲ್ವಿ ಸಿಕ್ಕಳು, ಬಸ್ಸಿನ ದಾರಿಯ ಕೊಟ್ಟಕೊನೆಯ ತೋಟದವಳು, ನಾಲ್ಕು ಮಕ್ಕಳ ತಾಯಿ. ಸಾಬೂನಿನ ಕಪಾಟಿನ ಹಿಂದೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. “ನಂಗೆ ಒಂದು ವರ್ಷದಿಂದ ಗೊತ್ತಿತ್ತು ಹೆಲ್ಮಿ. ಮಂಜು ಇದ್ದ ದಿನ ನಮ್ ಮಕ್ಕಳನ್ನ ನಮ್ ಲಾರೀಲೇ ಬಿಡ್ತಿದ್ವಿ. ಆದ್ರೆ ವಿಲ್ಹೊಗೆ ಹೇಗೆ ಹೇಳೋದು, ನನ್ನನ್ನೂ ಶಾಲೆಗೆ ಕರ್ಕೊಂಡ್ ಹೋದೋರು ಅವ್ರೇ ಅಲ್ವಾ?” ಹಾಗಿದ್ದರೆ ಸಭೆಯಲ್ಲಿ ನನ್ನ ಪಕ್ಕದಲ್ಲಿ ಬಂದು ಯಾಕೆ ನಿಲ್ಲಲಿಲ್ಲ ಅಂದೆ. ಅವಳು ತೋಳು ಬಿಟ್ಟಳು. ಎಷ್ಟು ಜನಕ್ಕೆ ಗೊತ್ತಿತ್ತೋ ಆರ್ವೊ. ತಿಳಿದವರೆಲ್ಲ ತಮ್ಮ ತಮ್ಮ ಮಕ್ಕಳನ್ನಷ್ಟೇ ಇಳಿಸಿಕೊಂಡಿದ್ದರು. ಮೊದಲೆರಡು ವಾರ ನಾನು ಮಾಡಿದ್ದೂ ಅದನ್ನೇ, ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ಐಲಿ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಅಜ್ಜ ಅವಳನ್ನು ಕತೆ ಕಟ್ಟುವವಳು ಅಂದದ್ದನ್ನು ಶಾಲೆಯಲ್ಲಿ ಯಾರೋ ಹೇಳಿಬಿಟ್ಟಿದ್ದಾರೆ. ಅದಕ್ಕೂ ಸಿಟ್ಟು ನನ್ನ ಮೇಲೇ. “ಹೇಳ್ಬೇಡ ಅಂದಿದ್ದೆ ತಾನೆ?” ಈಗ ಹೊಸ ಡ್ರೈವರು ಬಂದಿದ್ದಾನೆ, ಹಳಿಯ ಹತ್ತಿರ ತಾನೇ ನೋಡುತ್ತಾನೆ. ಇವಳು ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಾಳಂತೆ. ಹಿಂದೆ ಯಾಕೆ ಕೂರುತ್ತೀ ಅಂತ ಕೇಳಿದರೆ, “ಮುಂದೆ ನಂಗೇನ್ ಕೆಲ್ಸ?” ಅಂದಳು. ನಾನು ಅವಳ ಹೆಗಲಿನಿಂದ ಹೊರೆ ಇಳಿಸಿದೆ ಅಂದುಕೊಂಡಿದ್ದೆ, ಅವಳ ಲೆಕ್ಕದಲ್ಲಿ ಕಿತ್ತುಕೊಂಡೆ.

ಮಾವ ಅಂಗಳದಾಚೆಯ ತಮ್ಮ ಮನೆಯಲ್ಲೇ ಇದ್ದಾರೆ, ಈ ಕಡೆ ಬರುವುದಿಲ್ಲ. ದಿನಾ ಬೆಳಿಗ್ಗೆ ಅವರ ಚಿಮಣಿಯಲ್ಲಿ ಹೊಗೆ ಎದ್ದದ್ದು ನೋಡಿ ನಾನು ನನ್ನ ಒಲೆ ಹೊತ್ತಿಸುತ್ತೇನೆ. ಮೀನಿನ ಸಾರು ಬಾಗಿಲಲ್ಲಿಟ್ಟು ಬರುತ್ತೇನೆ, ಸಂಜೆಗೆ ಪಾತ್ರೆ ತೊಳೆದು ಬೋರಲು ಹಾಕಿ ಅಲ್ಲೇ ಇಟ್ಟಿರುತ್ತಾರೆ. ಊಟ ಮಾಡುತ್ತಾರಲ್ಲ, ಅಷ್ಟು ಸಾಕು. ನಿನ್ನೆ ಶನಿವಾರ, ಸೌನಾದ ಒಲೆ ಹಾಕಿ ಕಲ್ಲು ಕಾಸಿ, ಮೊದಲ ಸ್ನಾನ ಹಿರಿಯರದ್ದು ಅಂತ ಬಹಳ ಹೊತ್ತು ಕಾದೆವು. ಬರಲಿಲ್ಲ. ಐಲಿ ನಾನು ಇಬ್ಬರೇ ಹೋಗಿ, ಹಬೆಯಲ್ಲಿ ಒಬ್ಬರ ಬೆನ್ನು ಒಬ್ಬರು ಉಜ್ಜದೆ ಮಿಂದು ಬಂದೆವು. ನೀನು ಇಲ್ಲದ ಒಂಬತ್ತು ತಿಂಗಳು ನನಗೆ ಹೊಸದಲ್ಲ, ಹತ್ತು ವರ್ಷದಿಂದ ಹೀಗೇ. ಆದರೆ ಇಲ್ಲಿಯವರೆಗೆ ಜೊತೆಗಿರದವನು ನೀನೊಬ್ಬನೇ. ಈ ಸಲ ಯಾರೂ ಇಲ್ಲ.

ನೀನು ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಪ್ರತಿದಿನ ಕೇಳಿಕೊಳ್ಳುತ್ತೇನೆ. ಬಯ್ಯುವುದಾದರೆ ಬಯ್ದು ಬರೆ, ಆದರೆ ಬರೆ. ಹಡಗು ಕಟ್ಟೆ ಸೇರುವ ದಿನ ಗೊತ್ತಾದ ಕೂಡಲೇ ತಿಳಿಸು. ಜೊತೆಯ ಕೆಲಸಗಾರರಿಗೆಲ್ಲ ನನ್ನ ನಮಸ್ಕಾರ. ಆ ದೊಡ್ಡ ನೀರಿನ ಒಡೆಯ ನಿಮ್ಮನ್ನೆಲ್ಲ ಅಂಗೈಯಲ್ಲಿಟ್ಟು ದಡಕ್ಕೆ ತಲುಪಿಸಲಿ. ಐಲಿ ಕೇಳದಿದ್ದರೂ ಅವಳ ಪರವಾಗಿ ಒಂದು ಮುತ್ತು.

ನಿನ್ನ
ಹೆಲ್ಮಿ

ತಾ.ಕ. ಸೋಮವಾರ ಬೆಳಿಗ್ಗೆ. ಅಂಚೆಯ ಗಾಡಿ ಬರುವ ಹೊತ್ತು, ಬೇಗ ಬೇಗ ಬರೆಯುತ್ತಿದ್ದೇನೆ. ಐಲಿ ಶಾಲೆಗೆ ಹೊರಟ ಮೇಲೆ ಮಾವ ಬಂದರು. ಟೋಪಿ ತೆಗೆಯದೆ ಬಂದು ಮೇಜಿನ ಮೇಲೆ ಏಳು ಲಕೋಟೆ ಇಟ್ಟರು. ಏಪ್ರಿಲಿನಿಂದ ನೀನು ಅವರಿಗೆ ಬೇರೆಯಾಗಿ ಬರೆದ ಪತ್ರಗಳು, ಒಂದನ್ನೂ ಒಡೆದಿಲ್ಲ. “ನಂಗೆ ಅಕ್ಷರ ಕಾಣಲ್ಲ. ಓದು” ಅಂದರು. ಮುದ್ರೆಯ ತಾರೀಕು ನೋಡಿ ಮೊದಲನೆಯದನ್ನು ಒಡೆದೆ. ಏನಿತ್ತು ಅಂತ ನಿನಗೆ ಗೊತ್ತು. “ಅಪ್ಪ, ಈಸ್ಟರ್ ಆದ ಮೇಲೆ ನನ್ನನ್ನು ಹಡಗಿಗೆ ಬಿಡಲು ಬಂದೆಯಲ್ಲ, ಬಲಗಡೆಯಿಂದ ಬಂದ ಲಾರಿ ನಿನಗೆ ಕಾಣಲೇ ಇಲ್ಲ. ನಾನು ಚಕ್ರ ತಿರುಗಿಸದಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ದಯವಿಟ್ಟು ಡಾಕ್ಟರಿಗೆ ತೋರಿಸು. ಹೆಲ್ಮಿಗೆ ಹೇಳಿಲ್ಲ. ಗೊತ್ತಾದರೆ ಅವಳು ಸುಮ್ಮನಿರುವವಳಲ್ಲ.” ಇದನ್ನು ನನ್ನ ಬಾಯಿಂದಲೇ ಜೋರಾಗಿ ಓದಿದೆ ಆರ್ವೊ, ಕೊನೆಯ ಸಾಲಿನವರೆಗೆ. ನಿನಗೆ ಗೊತ್ತಿತ್ತು. ಐಲಿಯನ್ನು ದಿನಾ ಆ ಬಸ್ಸಿಗೆ ಹತ್ತಿಸುತ್ತಿದ್ದವಳು ನಾನು, ಆದರೂ ನೀನು ಹೇಳಲಿಲ್ಲ. ಸಿಟ್ಟಿಲ್ಲ ಅಂತ ಬರೆಯಲಾರೆ. ಮಾವ, “ಬಿಸಿಲು ಕಣ್ಣಿಗೆ ಹೊಡೀತು ಅಂದಿದ್ದೆ ಅವತ್ತು. ಅವನಿಗೂ ಗೊತ್ತಿತ್ತಾ?” ಅಂದರು. ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, “ಆ ಸಭೇಲಿ ನೀನೊಬ್ಳೇ ನಿಂತಿದ್ದೆ ಅಲ್ವಾ” ಅಂದರು. ಹೂಂ ಅಂದೆ. “ಕಾಫಿ ಹಾಕು. ಆಮೇಲೆ ಮುಂದಿನದು ಓದು.” ಈಗ ಇಲ್ಲೇ ಕೂತಿದ್ದಾರೆ, ಸಂಜೆ ಐಲಿ ಬರುವವರೆಗೆ ಇರುತ್ತಾರಂತೆ, ಅವಳಿಗೆ ಒಂದು ಮಾತು ಹೇಳುವುದಿದೆಯಂತೆ. ಇನ್ನೂ ಆರು ಪತ್ರ ಇವೆ, ಒಡೆಯಲು ನನಗೆ ಕೈ ಬರುತ್ತಿಲ್ಲ. ಇನ್ನು ಮುಂದೆ ನಿನ್ನ ಅಪ್ಪನಿಗೆ ಬರೆಯುವುದನ್ನೆಲ್ಲ ಓದಿ ಹೇಳುವವಳು ನಾನೇ ಅಂತ ತಿಳಿದು ಬರೆ. ಗಾಡಿ ಬಂತು.